ಪುರಸಭೆಯ ಕುಡಿಯುವ ನೀರಿಗೆ ಯಾವ ಹಣ: ಕರಾವಳಿಯ ಸಣ್ಣ ಪಟ್ಟಣಗಳಿಗೊಂದು ಹೋಲಿಕೆ

ಬೇಸಗೆ ಮುಗಿದು ಪುರಸಭೆಗಳಲ್ಲಿ ಹೊಸ ಕ್ರಿಯಾ ಯೋಜನೆಯ ಮಾತು ಏಳುವ ಹೊತ್ತಿಗೆ ಉಡುಪಿ ಮತ್ತು ದಕ್ಷಿಣ ಕನ್ನಡದ ಸಣ್ಣ ಪಟ್ಟಣಗಳ ಸದಸ್ಯರು, ವಾರ್ಡ್ ಸಮಿತಿಯವರು ನನ್ನಲ್ಲಿ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ನೀರಿನ ಯೋಜನೆಗೆ ಕೇಂದ್ರದ ಅಮೃತ್ 2.0 ಮಿಷನ್‌ನ ಹಣವನ್ನು ಕಾಯುವುದೇ, ರಾಜ್ಯದ ನಗರೋತ್ಥಾನ ಅನುದಾನದಲ್ಲಿ ಸಿಕ್ಕಷ್ಟನ್ನು ಹಿಡಿದು ಕೆಲಸ ಆರಂಭಿಸುವುದೇ, ಸಾಲದ ಯೋಜನೆಗೆ ಸೇರುವುದೇ, ಅಥವಾ ಪಕ್ಕದ ದೊಡ್ಡ ಯೋಜನೆಯಿಂದ ನೀರನ್ನು ಸಗಟಾಗಿ ಕೊಳ್ಳುವುದೇ? ಯಾವ ಅನುದಾನ ದೊಡ್ಡದು ಎಂದು ನೋಡಿ ಇದನ್ನು ತೀರ್ಮಾನಿಸಿದರೆ ತಪ್ಪಾಗುತ್ತದೆ. ನಿಮ್ಮ ಊರಿನಲ್ಲಿ ಕೊರತೆ ಇರುವುದು ನದಿಯಲ್ಲೋ, ಪೈಪಿನಲ್ಲೋ, ನಿರ್ವಹಣೆಯ ಖಾತೆಯಲ್ಲೋ ಎಂದು ಮೊದಲು ಗೊತ್ತುಮಾಡಿಕೊಂಡರೆ ಹಣದ ದಾರಿ ಅರ್ಧದಷ್ಟು ತಾನಾಗಿ ನಿರ್ಧಾರವಾಗುತ್ತದೆ.

ನಮ್ಮ ಕರಾವಳಿಯ ಪರಿಸ್ಥಿತಿ ಒಳನಾಡಿನಂತಲ್ಲ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಈ ಜಿಲ್ಲೆಗಳಲ್ಲಿ ಎಂಟು ತಿಂಗಳು ನೀರಿನ ಮಾತೇ ಇರುವುದಿಲ್ಲ. ಏಪ್ರಿಲ್ ಬಂತೆಂದರೆ ಬೇರೆ ಮಾತೇ ಇರುವುದಿಲ್ಲ. 2019ರ ಮೇ ತಿಂಗಳಲ್ಲಿ ತುಂಬೆಯ ಅಣೆಕಟ್ಟಿನಲ್ಲಿ ನೀರು ತಗ್ಗಿ ಮಂಗಳೂರಿಗೆ, ಬಜೆಯಲ್ಲಿ ಸ್ವರ್ಣಾ ನದಿ ಬತ್ತಿ ಉಡುಪಿಗೆ ಪಾಳಿಯ ಮೇಲೆ ನೀರು ಬಿಡಬೇಕಾಯಿತು. ನೇತ್ರಾವತಿ ಸೊರಗಿದ್ದರಿಂದ ಯಾತ್ರೆಯನ್ನು ಮುಂದೂಡಿರೆಂದು ಧರ್ಮಸ್ಥಳದ ಧರ್ಮಾಧಿಕಾರಿಗಳು ಭಕ್ತರಲ್ಲಿ ಕೇಳಿಕೊಂಡದ್ದೂ ಅದೇ ಬೇಸಗೆಯಲ್ಲಿ. 2023ರಲ್ಲಿ ಮಳೆ ತಡವಾದಾಗ ಮತ್ತೆ ಅದೇ ಸ್ಥಿತಿ ಬಂತು. ಆದ್ದರಿಂದ ಇಲ್ಲಿಯ ಪಟ್ಟಣಕ್ಕೆ ಯಾವುದೇ ಹಣದ ಯೋಜನೆಯನ್ನು ತೂಗುವಾಗ ನೋಡಬೇಕಾದದ್ದು ವರ್ಷದ ಸರಾಸರಿಯನ್ನಲ್ಲ, ಮಾರ್ಚ್ ಕೊನೆಯಿಂದ, ಮೇ ಕೊನೆಗೆ ಬರುವ ತುಳುವರ ಪತ್ತನಾಜೆ ಕಳೆದು ಮಳೆ ಹಿಡಿಯುವ ತನಕದ ಎಪ್ಪತ್ತು ದಿನಗಳನ್ನು.

ಮೊದಲು ಅಳತೆಗೋಲು

ಒಂದು ಪಟ್ಟಣದ ನೀರಿನ ವ್ಯವಸ್ಥೆಯೆಂದರೆ ನದಿಯ ಮೂಲ, ಜಾಕ್‌ವೆಲ್ (ನದಿಯ ನೀರನ್ನು ಎತ್ತಲು ದಡದಲ್ಲಿ ಕಟ್ಟುವ ಬಾವಿ) ಮತ್ತು ಪಂಪು, ಶುದ್ಧೀಕರಣ ಘಟಕಕ್ಕೆ ಹೋಗುವ ಏರು ಕೊಳವೆ, ಓವರ್‌ಹೆಡ್ ಟ್ಯಾಂಕ್, ಬೀದಿಬೀದಿಯ ವಿತರಣಾ ಕೊಳವೆ, ಮನೆಯ ನಳ್ಳಿ ಮತ್ತು ಮೀಟರ್. ಇವುಗಳಲ್ಲಿ ನಿಮ್ಮಲ್ಲಿ ದುರ್ಬಲವಾಗಿರುವುದು ಯಾವುದು ಎಂಬುದು ಮೊದಲ ಪ್ರಶ್ನೆ. ಒಳಚರಂಡಿ ಇರುವ ಪಟ್ಟಣಕ್ಕೆ ಕೇಂದ್ರದ ಕೈಪಿಡಿ ಹೇಳುವ ಪ್ರಮಾಣ ತಲೆಗೆ ದಿನಕ್ಕೆ 135 ಲೀಟರ್. ಒಳಚರಂಡಿ ಇಲ್ಲದ ಕಡೆ 70 ಲೀಟರ್. ಮುಂದಿನ ಮೂವತ್ತು ವರ್ಷದ ಜನಸಂಖ್ಯೆಯನ್ನು 40 ಸಾವಿರವೆಂದು ಹಿಡಿದರೆ 135 ಲೀಟರಿನ ಲೆಕ್ಕದಲ್ಲಿ ದಿನಕ್ಕೆ 54 ಲಕ್ಷ ಲೀಟರ್ ಬೇಕು. ಸೋರಿಕೆಗೆ ಶೇ 15 ಬಿಟ್ಟರೆ ಮೂಲದಿಂದ 63 ಲಕ್ಷ ಲೀಟರಿಗೂ ಹೆಚ್ಚು ಎತ್ತಬೇಕು. ಈ ಸಂಖ್ಯೆಯನ್ನು ನಿಮ್ಮ ನದಿ ಮೇ ತಿಂಗಳಲ್ಲಿ ಕೊಡುವ ನೀರಿನ ಪಕ್ಕದಲ್ಲಿ ಇಟ್ಟು ನೋಡಿ.

ಎರಡನೆಯ ಪ್ರಶ್ನೆ ಪಟ್ಟಣದ ಸ್ವಂತ ಪಾಲಿನದು. ಅದು ಎಷ್ಟು ಎನ್ನುವಷ್ಟೇ ಮುಖ್ಯವಾದದ್ದು ಯಾವಾಗ ಕಟ್ಟಬೇಕು ಎನ್ನುವುದು. ಮೂರನೆಯದು ಕಾಲ: ವಿಸ್ತೃತ ಯೋಜನಾ ವರದಿ, ತಾಂತ್ರಿಕ ಮಂಜೂರಾತಿ, ಟೆಂಡರ್, ಅರಣ್ಯ ಮತ್ತು ಹೆದ್ದಾರಿ ಇಲಾಖೆಗಳ ಒಪ್ಪಿಗೆ ಇವೆಲ್ಲ ಮುಗಿಯಲು ಎಷ್ಟು ಬೇಸಗೆಗಳು ಬೇಕು? ನಾಲ್ಕನೆಯದು ಹಣದ ಜೊತೆಗೆ ಬರುವ ಷರತ್ತುಗಳು. ಐದನೆಯದನ್ನು ಸಭೆಗಳಲ್ಲಿ ಯಾರೂ ಎತ್ತುವುದಿಲ್ಲ, ಆದರೆ ನನ್ನ ಮಟ್ಟಿಗೆ ಅದೇ ಮೊದಲಿನದು: ಉದ್ಘಾಟನೆಯ ಮರುತಿಂಗಳಿನಿಂದ ಮೆಸ್ಕಾಂನ ವಿದ್ಯುತ್ ಬಿಲ್ಲನ್ನು ಯಾವ ಖಾತೆಯಿಂದ ಕಟ್ಟುತ್ತೀರಿ?

ಈ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಮಾಡಿ. ದಿನಕ್ಕೆ 60 ಲಕ್ಷ ಲೀಟರ್ ನೀರನ್ನು ನದಿಯಿಂದ 80 ಮೀಟರ್ ಎತ್ತರಕ್ಕೆ ಏರಿಸಲು, ಪಂಪು ಮತ್ತು ಮೋಟಾರಿನ ಒಟ್ಟು ದಕ್ಷತೆಯನ್ನು ಶೇ 65 ಎಂದಿಟ್ಟುಕೊಂಡರೆ, ಸುಮಾರು 2,000 ಯೂನಿಟ್ ವಿದ್ಯುತ್ ಬೇಕಾಗುತ್ತದೆ. ಯೂನಿಟ್ಟಿಗೆ 6 ರೂಪಾಯಿ ಎಂದು ಹಿಡಿದರೂ ದಿನಕ್ಕೆ 12 ಸಾವಿರ, ವರ್ಷಕ್ಕೆ 44 ಲಕ್ಷದ ಹತ್ತಿರ. ಇದಕ್ಕೆ ಆಲಂ, ಕ್ಲೋರಿನ್, ಪಂಪ್ ಆಪರೇಟರುಗಳ ಸಂಬಳ, ದುರಸ್ತಿ ಸೇರಬೇಕು. ಗುಡ್ಡದ ಮೇಲೆ ಟ್ಯಾಂಕ್ ಕಟ್ಟುವುದು ನಮ್ಮ ಊರುಗಳಲ್ಲಿ ಸಹಜ. ಆದರೆ ಟ್ಯಾಂಕಿನ ಎತ್ತರ ಪ್ರತಿ ಹತ್ತು ಮೀಟರ್ ಹೆಚ್ಚಿದಂತೆ ಬಿಲ್ಲೂ ಅದೇ ಪ್ರಮಾಣದಲ್ಲಿ ಏರುತ್ತದೆಂಬುದನ್ನು ಜಾಗ ಆರಿಸುವ ದಿನವೇ ನೆನಪಿಡಬೇಕು.

ಅಮೃತ್ 2.0

2021ರ ಅಕ್ಟೋಬರ್ 1ರಂದು ಆರಂಭವಾದ ಈ ಮಿಷನ್ ಸಣ್ಣ ಪಟ್ಟಣಗಳಿಗೆ ಮುಖ್ಯವಾದದ್ದು ಒಂದು ಕಾರಣಕ್ಕೆ. 2015ರ ಮೊದಲ ಅಮೃತ್ ದೇಶದ 500 ನಗರಗಳಿಗೆ ಸೀಮಿತವಾಗಿತ್ತು; ನಮ್ಮಲ್ಲಿ ಮಂಗಳೂರು ಮತ್ತು ಉಡುಪಿ ಅದರಲ್ಲಿದ್ದವು, ಕಾರ್ಕಳ, ಮೂಡುಬಿದಿರೆ, ಸುಳ್ಯದಂಥವು ಇರಲಿಲ್ಲ. ಎರಡನೆಯದು ಶಾಸನಬದ್ಧ ಪಟ್ಟಣಗಳೆಲ್ಲವನ್ನೂ ಒಳಗೊಂಡಿತು. ಒಂದು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಪಟ್ಟಣಕ್ಕೆ ಯೋಜನಾ ವೆಚ್ಚದ ಅರ್ಧವನ್ನು ಕೇಂದ್ರ ಕೊಡುತ್ತದೆ. ಒಂದರಿಂದ ಹತ್ತು ಲಕ್ಷದ ನಗರಕ್ಕೆ ಮೂರನೆಯ ಒಂದು ಪಾಲು. ಉಳಿದದ್ದನ್ನು ರಾಜ್ಯ ಸರ್ಕಾರ ಮತ್ತು ಸ್ಥಳೀಯ ಸಂಸ್ಥೆ ಹೊರಬೇಕು. ಅಂದರೆ 2011ರ ಜನಗಣತಿಯಲ್ಲಿ 25 ಸಾವಿರದ ಆಸುಪಾಸಿನಲ್ಲಿದ್ದ ಕಾರ್ಕಳದಂಥ ಪಟ್ಟಣಕ್ಕೆ ಉಡುಪಿಗಿಂತ ಹೆಚ್ಚಿನ ಅನುಪಾತದಲ್ಲಿ ನೆರವು ಸಿಗುತ್ತದೆ.

ಇದರ ಬಲ ದೊಡ್ಡ ಕಾಮಗಾರಿಯಲ್ಲಿದೆ. ಜಾಕ್‌ವೆಲ್‌ನಿಂದ ಮನೆಯ ನಳ್ಳಿಯ ತನಕ ಒಂದೇ ಯೋಜನೆಯಾಗಿ ಹಿಡಿಯಲು ಬೇಕಾದ ಹಣ ನಮ್ಮ ಅಳತೆಯ ಪಟ್ಟಣಕ್ಕೆ ಬೇರೆ ಅನುದಾನದಲ್ಲಿ ಸಿಗುವುದು ಕಷ್ಟ. ಆದರೆ ಹಣ ಒಟ್ಟಿಗೆ ಬರುವುದಿಲ್ಲ. ಕೇಂದ್ರದ ಪಾಲು 20, 40, 40 ಎಂಬ ಪ್ರಮಾಣದಲ್ಲಿ ಮೂರು ಕಂತು. 30 ಕೋಟಿಯ ಕಾಮಗಾರಿಯಾದರೆ ಕೇಂದ್ರದ 15 ಕೋಟಿಯಲ್ಲಿ ಮೊದಲು ಕೈಸೇರುವುದು 3 ಕೋಟಿ. ಅದರ ಬಳಕೆ ಪ್ರಮಾಣಪತ್ರ ಹೋಗದೆ ಮುಂದಿನದು ಬಾರದು. ಭೂಮಿ ಖರೀದಿಗೆ ಮಿಷನ್ ಹಣವನ್ನು ಬಳಸುವಂತಿಲ್ಲ. ಗುಡ್ಡದ ಮೇಲಿನ ಹತ್ತು ಸೆಂಟ್ಸ್ ಜಾಗ ಖಾಸಗಿಯವರದಾಗಿದ್ದು, ಅದು ಇತ್ಯರ್ಥವಾಗದೆ ಇಡೀ ಯೋಜನೆ ಎರಡು ಬೇಸಗೆ ನಿಂತದ್ದನ್ನು ನಾನು ಕಂಡಿದ್ದೇನೆ. ಪಹಣಿ ಪುರಸಭೆಯ ಹೆಸರಿಗೆ ಬಾರದೆ ವರದಿಯನ್ನು ಕಳಿಸಬೇಡಿ ಎಂದು ಆ ಅನುಭವದಿಂದ ಹೇಳುತ್ತೇನೆ. ಲೆಕ್ಕಕ್ಕೆ ಸಿಗದ (ಸೋರಿದ ಅಥವಾ ಬಿಲ್ಲಾಗದ) ನೀರನ್ನು ಶೇ 20ಕ್ಕಿಂತ ಕೆಳಗಿಳಿಸುವ ಗುರಿಯೂ ಜೊತೆಗಿದೆ. ಮೀಟರ್ ಹಾಕಿಸದ ಪಟ್ಟಣಕ್ಕೆ ಆ ಗುರಿಯನ್ನು ತಲುಪಿದ್ದೇವೆಂದು ತೋರಿಸುವುದಕ್ಕೂ ದಾರಿಯಿಲ್ಲ.

ಮಿಷನ್‌ನ ಅವಧಿಯನ್ನು 2021-22ರಿಂದ 2025-26ರ ತನಕ ಎಂದು ನಿಗದಿ ಮಾಡಲಾಗಿತ್ತು. ಆದ್ದರಿಂದ ನಿಮ್ಮ ಪಟ್ಟಣದ ಹೆಸರು ರಾಜ್ಯದ ಜಲ ಕ್ರಿಯಾ ಯೋಜನೆಯಲ್ಲಿ ಈಗಾಗಲೇ ಅನುಮೋದನೆ ಪಡೆದಿದೆಯೇ ಎಂಬುದನ್ನು ಜಿಲ್ಲಾ ನಗರಾಭಿವೃದ್ಧಿ ಕೋಶದಲ್ಲಿ ಲಿಖಿತವಾಗಿ ಕೇಳಿ. ಪಟ್ಟಿಯಲ್ಲಿದ್ದರೆ ಬೇರೆ ದಾರಿ ಹುಡುಕುವ ಬದಲು ಅದನ್ನೇ ಬೆನ್ನುಹತ್ತಿ. ಇಲ್ಲದಿದ್ದರೆ ಈ ಆಯ್ಕೆಯನ್ನು ನಂಬಿ ಬೇರೆಯದನ್ನು ಬಿಡಬೇಡಿ.

ಬೈಂದೂರು, ಬಜ್ಪೆ, ಕಿನ್ನಿಗೋಳಿಯಂತೆ ಇತ್ತೀಚೆಗಷ್ಟೇ ಗ್ರಾಮ ಪಂಚಾಯತ್‌ನಿಂದ ಪಟ್ಟಣ ಪಂಚಾಯತ್ ಆದ ಊರುಗಳಿಗೆ ಇಲ್ಲೊಂದು ಮಾತು ಸೇರಿಸಬೇಕು. 2019ರ ಜಲಜೀವನ ಮಿಷನ್ ಗ್ರಾಮೀಣ ಪ್ರದೇಶಕ್ಕೆ ಮಾತ್ರ. ಪಟ್ಟಣವಾದ ದಿನ ಆ ಬಾಗಿಲು ಮುಚ್ಚುತ್ತದೆ, ಆದರೆ ಹಳೆಯ ಕೊಳವೆಬಾವಿ, ಟ್ಯಾಂಕ್, ಅರ್ಧ ಹಾಕಿದ ಪೈಪು ಇವೆಲ್ಲ ನಿಮ್ಮ ಆಸ್ತಿಯಾಗುತ್ತವೆ. ಹೊಸದರ ವರದಿ ಬರೆಸುವ ಮೊದಲು ಇವುಗಳ ಹಸ್ತಾಂತರ ಪಟ್ಟಿ ಮಾಡಿಸಿಕೊಳ್ಳಿ.

ನಗರೋತ್ಥಾನ

ಇದು ರಾಜ್ಯ ಸರ್ಕಾರದ ಸ್ವಂತ ಹಣ. ಪಟ್ಟಣದ ದರ್ಜೆಗೆ ತಕ್ಕಂತೆ ಮೊತ್ತ ನಿಗದಿಯಾಗುತ್ತದೆ, ಕ್ರಿಯಾ ಯೋಜನೆಗೆ ಜಿಲ್ಲಾ ಮಟ್ಟದಲ್ಲೇ ಒಪ್ಪಿಗೆ ಸಿಗುತ್ತದೆ, ಆದ್ದರಿಂದ ಕೆಲಸ ಬೇಗ ನೆಲಕ್ಕಿಳಿಯುತ್ತದೆ. ತೊಂದರೆ ಇರುವುದು ಅದರ ಮುಕ್ತತೆಯಲ್ಲಿ. ರಸ್ತೆ, ಚರಂಡಿ, ಉದ್ಯಾನ, ನೀರು ಎಲ್ಲಕ್ಕೂ ಒಂದೇ ಮೊತ್ತವಾದ್ದರಿಂದ, ಮತ್ತು ಕಾಂಕ್ರೀಟ್ ರಸ್ತೆ ವಾರ್ಡಿನವರ ಕಣ್ಣಿಗೆ ಮೊದಲು ಬೀಳುವುದರಿಂದ, ನೀರಿಗೆ ಉಳಿಯುವುದು ಕಡಿಮೆ. ಶೇ 24.10 ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಶೇ 7.25 ಇತರ ಬಡವರಿಗೆ, ಶೇ 5 ಅಂಗವಿಕಲರಿಗೆ ಎಂಬ ಮೀಸಲು ಪಾಲುಗಳನ್ನು ಇಲ್ಲಿ ಜಾಣತನದಿಂದ ಬಳಸಬಹುದು. ಪಟ್ಟಣದ ಅಂಚಿನ ಕಾಲನಿಗಳು ಬಹುತೇಕ ಕೊಳವೆಯ ಕೊನೆಯಲ್ಲಿರುತ್ತವೆ, ಬೇಸಗೆಯಲ್ಲಿ ಮೊದಲು ನೀರು ತಪ್ಪುವುದೂ ಅಲ್ಲೇ. ಆ ಪಾಲನ್ನು ಆ ಕಾಲನಿಗೇ ಒಂದು ಪ್ರತ್ಯೇಕ ಕೊಳವೆ ಮತ್ತು ಸಣ್ಣ ಟ್ಯಾಂಕಿಗೆ ಇಡುವುದು ನಿಯಮಕ್ಕೂ ಸರಿ, ನ್ಯಾಯಕ್ಕೂ ಸರಿ.

ಒಂದು ಎಚ್ಚರಿಕೆ. ನಾನು ವಾಸವಿದ್ದ ಪಟ್ಟಣವೊಂದರಲ್ಲಿ ಒಂದು ಲೆಕ್ಕಶೀರ್ಷಿಕೆಯಲ್ಲಿ ಕಾಂಕ್ರೀಟ್ ರಸ್ತೆಯಾಗಿ ಹದಿನಾಲ್ಕು ತಿಂಗಳಿಗೆ ಇನ್ನೊಂದು ಶೀರ್ಷಿಕೆಯ ಪೈಪಿಗಾಗಿ ಅದನ್ನು ಕತ್ತರಿಸಿದರು. ಕಟ್ಟರ್ ಸೀಳಿದ ಆ ಗೆರೆ ಇಂದಿಗೂ ನಮ್ಮ ಮನೆಯ ಗೇಟಿನ ಮುಂದೆ ಇದೆ. ಮಳೆಗಾಲದಲ್ಲಿ ಅದರೊಳಗೆ ನೀರು ನಿಂತು ಅಂಚು ಕುಸಿಯುತ್ತದೆ. ರಸ್ತೆಯ ಕ್ರಿಯಾ ಯೋಜನೆಗೆ ಕೈ ಎತ್ತುವ ಮುನ್ನ ಆ ರಸ್ತೆಯಡಿಯ ಪೈಪಿನ ವಯಸ್ಸನ್ನು ಕೇಳುವ ಒಬ್ಬ ಸದಸ್ಯರಾದರೂ ಸಭೆಯಲ್ಲಿರಬೇಕು.

ಹಣಕಾಸು ಆಯೋಗದ ಅನುದಾನ

15ನೇ ಹಣಕಾಸು ಆಯೋಗದ 2021-26ರ ಅವಧಿಯಲ್ಲಿ ಸಣ್ಣ ನಗರಗಳ ಅನುದಾನದ ಶೇ 60 ನಿರ್ಬಂಧಿತವಾಗಿತ್ತು; ಅದರಲ್ಲಿ ಅರ್ಧ ನೈರ್ಮಲ್ಯಕ್ಕೆ, ಅರ್ಧ ಕುಡಿಯುವ ನೀರು, ಮಳೆನೀರು ಕೊಯ್ಲು ಮತ್ತು ನೀರಿನ ಮರುಬಳಕೆಗೆ. ಅಂದರೆ ಒಟ್ಟು ಅನುದಾನದ ಶೇ 30 ನೀರಿಗೇ ಮೀಸಲು. ಸಣ್ಣ ಪಟ್ಟಣಕ್ಕೆ ಈ ಮೊತ್ತದಲ್ಲಿ ಹೊಸ ಯೋಜನೆ ಕಟ್ಟಲಾಗದು. ಆದರೂ ಇದನ್ನು ನಾನು ಕೀಳಾಗಿ ಕಾಣುವುದಿಲ್ಲ, ಏಕೆಂದರೆ ದೊಡ್ಡ ಯೋಜನೆಗಳು ಮುಟ್ಟದ ಕೆಲಸಗಳನ್ನು ಇದು ಮಾಡಿಸುತ್ತದೆ: ಹದಿನೈದು ವರ್ಷ ದಾಟಿದ ಪಂಪಿನ ಬದಲಾವಣೆ, ಟ್ಯಾಂಕಿನ ಬಾಯಿಗೆ ಒಂದು ಸಗಟು ಮೀಟರ್, ಹಳೆಯ ಸಾರ್ವಜನಿಕ ಬಾವಿಗಳ ಹೂಳೆತ್ತುವುದು, ಸೋರುವ ವಾಲ್ವುಗಳ ದುರಸ್ತಿ. ಸೋರಿಕೆ ಶೇ 40 ಇರುವ ಪಟ್ಟಣ ಅದನ್ನು ಶೇ 20ಕ್ಕೆ ಇಳಿಸಿದರೆ ಅದೇ ನದಿಯಿಂದ, ಅದೇ ಪಂಪಿನಿಂದ ಮನೆಗಳಿಗೆ ತಲುಪುವ ನೀರು ಮೂರನೆಯ ಒಂದರಷ್ಟು ಹೆಚ್ಚುತ್ತದೆ. ಲೆಕ್ಕಪರಿಶೋಧನೆಯಾದ ಲೆಕ್ಕಪತ್ರಗಳನ್ನು ಸಕಾಲಕ್ಕೆ ಪ್ರಕಟಿಸದ ಸಂಸ್ಥೆಗೆ ಈ ಅನುದಾನ ಕೈತಪ್ಪುತ್ತದೆ. ಆ ಕೆಲಸ ಮುಖ್ಯಾಧಿಕಾರಿಯವರ ಮೇಜಿನ ಮೇಲೆ ಎಲ್ಲಿದೆ ಎಂದು ವಿಚಾರಿಸುವುದು ಸದಸ್ಯರ ಹಕ್ಕು.

ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ಇಡೀ ಕ್ಷೇತ್ರಕ್ಕೆ ವರ್ಷಕ್ಕೆ 2 ಕೋಟಿ. ಒಂದು ಬಾವಿಗೆ, ಒಂದು ಮಿನಿ ಟ್ಯಾಂಕಿಗೆ ಕೇಳಬಹುದು. ವಿಪತ್ತು ಪರಿಹಾರದ ಟ್ಯಾಂಕರ್ ನೀರು ಆ ಬೇಸಗೆಗೆ ಮಾತ್ರ.

ಸಾಲದ ಯೋಜನೆಗಳು

ಕರಾವಳಿಗೆ ಇದು ಹೊಸದಲ್ಲ. 1999ರಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲ ಮಂಜೂರಾಗಿ, 1993ರಲ್ಲಿ ಸ್ಥಾಪನೆಯಾದ ರಾಜ್ಯದ ನಗರ ಮೂಲಸೌಕರ್ಯ ಹಣಕಾಸು ಸಂಸ್ಥೆ ಕೆಯುಐಡಿಎಫ್‌ಸಿಯ ಮೂಲಕ ನಡೆದ, ನಗರಾಭಿವೃದ್ಧಿ ಮತ್ತು ಕರಾವಳಿ ಪರಿಸರ ನಿರ್ವಹಣೆಯ ಕುಡ್ಸೆಂಪ್ ಯೋಜನೆ ಮಂಗಳೂರು, ಉಡುಪಿ, ಕುಂದಾಪುರ, ಪುತ್ತೂರು, ಉಳ್ಳಾಲ ಸೇರಿ ಹತ್ತು ಪಟ್ಟಣಗಳನ್ನು ಮುಟ್ಟಿತು. ಮುಂದೆ ಅದೇ ಬ್ಯಾಂಕಿನ ನೆರವಿನಲ್ಲಿ ಬಂದ ಜಲಸಿರಿ ಮಂಗಳೂರು, ಉಡುಪಿ, ಕುಂದಾಪುರ, ಪುತ್ತೂರುಗಳಲ್ಲಿ ನಿರಂತರ ನೀರಿನ ಗುರಿ ಇಟ್ಟುಕೊಂಡಿತು. ವಿನ್ಯಾಸದ ಗುಣಮಟ್ಟ, ಮೀಟರ್ ಅಳವಡಿಕೆ, ಕಟ್ಟಿದವರೇ ಕೆಲವು ವರ್ಷ ನಿರ್ವಹಿಸಬೇಕೆಂಬ ಕರಾರು ಇವು ಇಂಥ ಯೋಜನೆಗಳ ಒಳ್ಳೆಯ ಗುಣಗಳು. ಬೀದಿಗಳು ವರ್ಷಗಟ್ಟಲೆ ಅಗೆದು ಬಿದ್ದಿರುವುದು ಜನ ಸಹಿಸಬೇಕಾದ ಬೆಲೆ. ಮತ್ತು ಇದನ್ನು ಒಂದು ಪುರಸಭೆ ತಾನಾಗಿ ಆರಿಸಿಕೊಳ್ಳಲಾಗದು. ಪಟ್ಟಣಗಳ ಪಟ್ಟಿಯನ್ನು ರಾಜ್ಯ ಮಾಡುತ್ತದೆ.

ಪಟ್ಟಣದ ಪಾಲಿಗೆ ಸಾಲ ಬಂದರೆ ಏನಾಗುತ್ತದೆಂದು ಲೆಕ್ಕಕ್ಕಾಗಿ ನೋಡೋಣ. 10 ಕೋಟಿ ಸಾಲ, ಶೇ 8 ಬಡ್ಡಿ, 20 ವರ್ಷ ಎಂದಾದರೆ ವರ್ಷಕ್ಕೆ ಸುಮಾರು 1 ಕೋಟಿ 2 ಲಕ್ಷ ಕಟ್ಟಬೇಕು. 6,000 ಸಂಪರ್ಕಗಳಿದ್ದರೆ ಪ್ರತಿ ಮನೆಗೆ ತಿಂಗಳಿಗೆ ಸುಮಾರು 140 ರೂಪಾಯಿ ಸಾಲಕ್ಕೇ ಹೋಗುತ್ತದೆ. ವಿದ್ಯುತ್, ಸಂಬಳ ಬೇರೆ. ಕೇಳಲು ಇದು ಹೆಚ್ಚೆನಿಸದು. ಆದರೆ ನಮ್ಮ ಪಟ್ಟಣಗಳಲ್ಲಿ ಬಹಳಷ್ಟು ಮನೆಗಳ ಹಿತ್ತಿಲಲ್ಲಿ ಬಾವಿಯಿದೆ. ಜೂನ್‌ನಿಂದ ಜನವರಿಯ ತನಕ ಬಾವಿಯ ನೀರು ಬಳಸಿ, ಅದು ತಳ ಕಂಡಾಗ ನಳ್ಳಿ ತಿರುಗಿಸುವ ಮನೆಯ ಮೀಟರ್ ಎಂಟು ತಿಂಗಳು ಕನಿಷ್ಠ ದರವನ್ನಷ್ಟೇ ತೋರಿಸುತ್ತದೆ. ಪಟ್ಟಣಕ್ಕೆ ಆದಾಯ ಬರಬೇಕಾದ ತಿಂಗಳುಗಳಲ್ಲಿ ಬಳಕೆ ಇಲ್ಲ. ಬಳಕೆ ಏರಿದ ತಿಂಗಳುಗಳಲ್ಲಿ ಕೊಡಲು ನೀರಿಲ್ಲ. ಒಳನಾಡಿನ ಪಟ್ಟಣದ ಆದಾಯದ ಅಂದಾಜನ್ನು ತಂದು ಇಲ್ಲಿಯ ವರದಿಗೆ ಅಂಟಿಸಿದರೆ ಸಾಲ ತೀರುವುದಿಲ್ಲ. ಹಿಂದಿನ ಮೂರು ವರ್ಷಗಳ ತಿಂಗಳುವಾರು ಬಿಲ್ಲಿನ ಮೊತ್ತವನ್ನು ತರಿಸಿ ನೋಡದೆ ಸಾಲದ ನಿರ್ಣಯಕ್ಕೆ ಸಹಿ ಹಾಕಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಸಗಟು ನೀರು, ಕಿಂಡಿ ಅಣೆಕಟ್ಟು

ತುಂಬೆಯ ನೀರು ಮಂಗಳೂರಿನಿಂದ ಉಳ್ಳಾಲ, ಮೂಲ್ಕಿಗೂ ಹೋಗುತ್ತದೆ. ಸ್ವರ್ಣಾ ಸಾಲದೆ ಉಡುಪಿಗೆ ವಾರಾಹಿಯ ನೀರನ್ನು ತರುವ ಯೋಜನೆ ಕೈಗೊಳ್ಳಲಾಯಿತು. ಇಂಥ ದೊಡ್ಡ ಕೊಳವೆ ನಿಮ್ಮ ಗಡಿಯ ಪಕ್ಕದಲ್ಲೇ ಹಾದುಹೋಗುತ್ತಿದ್ದರೆ ಸ್ವಂತ ಜಾಕ್‌ವೆಲ್, ಸ್ವಂತ ಶುದ್ಧೀಕರಣ ಘಟಕ ಕಟ್ಟುವ ಬದಲು ನೀರು ಕೊಳ್ಳುವುದು ಅಗ್ಗ. ಬೇಕಾಗುವುದು ಒಂದು ಕೂಡುಕೊಳವೆ ಮತ್ತು ಟ್ಯಾಂಕ್, ನಗರೋತ್ಥಾನದಲ್ಲೇ ಮುಗಿಯಬಹುದು. ಆದರೆ ನೀರು ತಗ್ಗಿದಾಗ ಕೊಳವೆಯ ಕೊನೆಯವರಿಗೇ ಮೊದಲು ಕಡಿತವಾಗುವುದು. ಆದ್ದರಿಂದ ಒಪ್ಪಂದದಲ್ಲಿ ಏಪ್ರಿಲ್, ಮೇ ತಿಂಗಳುಗಳ ದಿನದ ಕನಿಷ್ಠ ಪ್ರಮಾಣ, ಕೊರತೆ ಬಂದರೆ ಎಲ್ಲರಿಗೂ ಸಮ ಅನುಪಾತದ ಕಡಿತ, ಮೀಟರ್ ಇರುವ ಸ್ಥಳ, ದರ ಪರಿಷ್ಕರಣೆಯ ಅವಧಿ ಈ ನಾಲ್ಕನ್ನು ಬರೆಸಲೇಬೇಕು. ಬಾಯಿಮಾತಿನ ಒಪ್ಪಿಗೆ ಮೊದಲ ಬರದ ಬೇಸಗೆಗೆ ಮುರಿಯುತ್ತದೆ.

ನದಿಯಲ್ಲೇ ನೀರಿಲ್ಲದ ಪಟ್ಟಣಕ್ಕೆ ಸಣ್ಣ ನೀರಾವರಿ ಇಲಾಖೆಯ ಪಶ್ಚಿಮವಾಹಿನಿಯಂಥ ಕಾರ್ಯಕ್ರಮದಲ್ಲಿ ಕಿಂಡಿ ಅಣೆಕಟ್ಟು ಕೇಳುವ ಅವಕಾಶವಿದೆ. ಪುರಸಭೆಯ ಖಾತೆಯಿಂದ ದೊಡ್ಡ ವೆಚ್ಚವಾಗದು, ಸುತ್ತಲಿನ ಬಾವಿಗಳ ಒರತೆಯೂ ಏರುತ್ತದೆ, ಉಪ್ಪುನೀರು ಮೇಲಕ್ಕೆ ಬರುವುದೂ ತಪ್ಪುತ್ತದೆ. ಆದರೆ ಅದು ಎಷ್ಟು ನೀರು ಹಿಡಿಯುತ್ತದೆಂದು ಲೆಕ್ಕ ಹಾಕಿ. 60 ಮೀಟರ್ ಅಗಲದ ನದಿಗೆ ಎರಡೂವರೆ ಮೀಟರ್ ಹಲಗೆ ಹಾಕಿ, ನೀರು ಎರಡು ಕಿಲೋಮೀಟರ್ ಹಿಂದಕ್ಕೆ ನಿಂತರೆ, ಹಿಂದೆ ಹೋದಂತೆ ಆಳ ತಗ್ಗುವುದರಿಂದ, ಸಿಗುವುದು ಸುಮಾರು 15 ಕೋಟಿ ಲೀಟರ್. ದಿನಕ್ಕೆ 60 ಲಕ್ಷ ಲೀಟರಿನಂತೆ ಅದು 25 ದಿನಕ್ಕೆ. ಆವಿ, ಇಂಗುವಿಕೆ, ಮೇಲಿನ ತೋಟಗಳ ಪಂಪುಗಳು ಕಳೆದರೆ ಇನ್ನೂ ಕಡಿಮೆ. ಒಳಹರಿವು ಮಾರ್ಚ್‌ನಲ್ಲೇ ನಿಲ್ಲುವ ನದಿಗೆ ಒಂದು ಕಟ್ಟ ಸಾಲದು, ಮೇಲಕ್ಕೆ ಇನ್ನೊಂದು ಬೇಕು. ಬಜೆಯ ಮೇಲ್ಗಡೆ ಶಿರೂರಿನಲ್ಲಿ ನೀರು ಹಿಡಿಯುವುದು ಇದೇ ಕಾರಣಕ್ಕೆ. ಕೊರತೆಯ ವರ್ಷದಲ್ಲಿ ಕುಡಿಯುವ ನೀರಿಗಾಗಿ ರೈತರ ಪಂಪಿಗೆ ನಿರ್ಬಂಧ ಹಾಕುವುದನ್ನು ನೋಡಿದ್ದೇವೆ. ಅಡಿಕೆಯ ಗಿಡ ಒಣಗಿದರೆ ಅದು ಒಂದು ವರ್ಷದ ನಷ್ಟವಲ್ಲ. ಅವರನ್ನು ಯೋಜನೆಯ ಮೊದಲ ಸಭೆಗೇ ಕರೆಯಬೇಕು.

ಯಾರಿಗೆ ಯಾವುದು

ಬೇಸಗೆಯಲ್ಲೂ ನದಿಯಲ್ಲಿ ನೀರಿದ್ದು ಕೊಳವೆ ಹಳತಾಗಿರುವ ಪಟ್ಟಣಕ್ಕೆ ಅಮೃತ್ 2.0 ಅಥವಾ ಅದರ ನಂತರ ಬರುವ ಅಂಥದೇ ಮಿಷನ್ ಸರಿಯಾದ ದಾರಿ. ಆ ತನಕ ಹಣಕಾಸು ಆಯೋಗದ ಹಣದಲ್ಲಿ ಸೋರಿಕೆ ಮತ್ತು ಮೀಟರಿನ ಕೆಲಸ ಮಾಡುತ್ತಿರಬೇಕು. ನದಿಯೇ ಬತ್ತುವ ಪಟ್ಟಣ ವಿತರಣಾ ಜಾಲಕ್ಕೆ ಒಂದು ರೂಪಾಯಿ ಹಾಕುವ ಮೊದಲು ಕಿಂಡಿ ಅಣೆಕಟ್ಟು ಅಥವಾ ಸಗಟು ನೀರಿನ ಒಪ್ಪಂದವನ್ನು ಮುಗಿಸಬೇಕು. ಸ್ವಂತ ವರಮಾನ ತೀರಾ ಕಡಿಮೆಯಿರುವ ಪಟ್ಟಣ ಪಂಚಾಯತ್ ಸಾಲದಿಂದ ದೂರವಿದ್ದು, ನಗರೋತ್ಥಾನದಲ್ಲಿ ವರ್ಷಕ್ಕೊಂದು ವಲಯದಂತೆ ಮುಗಿಸುವುದು ಒಳಿತು. ಸಂಪರ್ಕಗಳು ಹೆಚ್ಚಿದ್ದು, ವಸೂಲಿ ಚೆನ್ನಾಗಿದ್ದು, ವಸತಿ ಸಮುಚ್ಚಯಗಳು ಬೆಳೆಯುತ್ತಿರುವ ನಗರಸಭೆ ಮಾತ್ರ ಸಾಲವನ್ನು ಧೈರ್ಯವಾಗಿ ನೋಡಬಹುದು.

ಇವುಗಳಲ್ಲಿ ನಿಮ್ಮದು ಯಾವ ಊರು ಎಂದು ತಿಳಿಯಲು ಸಲಹೆಗಾರರ ವರದಿಯನ್ನು ಕಾಯಬೇಕಿಲ್ಲ. ಕಳೆದ ಮೇ ತಿಂಗಳಲ್ಲಿ ನಾನು ಹೋಗಿದ್ದ ಒಂದು ಪಂಪ್‌ಹೌಸಿನಲ್ಲಿ ಆಪರೇಟರು ಸಂಜೆ ಹೊಳೆಗಿಳಿದು, ಮರಳಿನ ದಿಬ್ಬವನ್ನು ಹಾರೆಯಿಂದ ಕಡಿದು ಜಾಕ್‌ವೆಲ್‌ನ ಬಾಯಿಗೆ ನೀರಿನ ದಾರಿ ಬಿಡಿಸುತ್ತಿದ್ದರು. ಮೇಲೆ ಬಂದವರು ಕೈ ಒರೆಸಿಕೊಂಡು, ಗೋಡೆಯ ಅಳತೆಪಟ್ಟಿ ನೋಡಿ, ಮೊಳೆಗೆ ತೂಗುಹಾಕಿದ ಪುಸ್ತಕದಲ್ಲಿ ದಿನಾಂಕ, ನೀರಿನ ಮಟ್ಟ, ಪಂಪು ಓಡಿದ ಗಂಟೆಗಳನ್ನು ಬರೆದರು. ಹನ್ನೊಂದು ವರ್ಷಗಳ ಅಂಥ ಪುಸ್ತಕಗಳು ಅಲ್ಲೇ ಕಪಾಟಿನಲ್ಲಿದ್ದವು. ಮುಂದಿನ ಸಾಮಾನ್ಯ ಸಭೆಗೆ ಮೊದಲು ನಿಮ್ಮ ಪಂಪ್‌ಹೌಸಿನ ಆ ಪುಸ್ತಕಗಳ ಏಪ್ರಿಲ್, ಮೇ ಪುಟಗಳ ಪ್ರತಿ ಮಾಡಿಸಿ, ತಿಂಗಳುವಾರು ನೀರಿನ ಬಿಲ್ಲು ವಸೂಲಿಯ ಪಟ್ಟಿಯನ್ನು ಅದರ ಜೊತೆಗಿಟ್ಟು ಸದಸ್ಯರೆಲ್ಲರಿಗೂ ಹಂಚಿ.